ಚಾವಡಿಯಲ್ಲಿ ಜಾಝ್ ಕೇಳಿದೆವು. ಸಮ ಎಲ್ಲಿ ಹೋಯಿತು?

ನೀರ್ಚಾಲಿನ ಕೇಳುಗ | ಭಾನುವಾರ, ಬೆಳಿಗ್ಗೆ 7.40

ನಿನ್ನೆ ಸಂಜೆ ನಮ್ಮ ಊರಿನ ಒಂದು ಹೆಂಚಿನ ಮನೆಯ ಚಾವಡಿಯಲ್ಲಿ ಐದು ಜನರ ಜಾಝ್ ತಂಡವೊಂದು ನುಡಿಸಿತು. ಗೋವಾದಿಂದ ಕೊಚ್ಚಿಗೆ ವ್ಯಾನಿನಲ್ಲಿ ಹೊರಟವರು. ನಡುವೆ ಒಂದು ರಾತ್ರಿ ತಂಗಲು ಜಾಗ ಬೇಕಿತ್ತು. ಮನೆಯವರ ಮಗಳಿಗೂ ಬಾಸ್ ನುಡಿಸುವವನಿಗೂ ಬೆಂಗಳೂರಿನ ಪರಿಚಯ. ಊಟ, ಹಾಸಿಗೆ ನಮ್ಮದು, ಎರಡು ಗಂಟೆ ಸಂಗೀತ ನಿಮ್ಮದು ಎಂದು ಒಪ್ಪಂದವಾಯಿತಂತೆ. ಬಾಗಿಲ ಬಳಿ ಒಂದು ತಾಮ್ರದ ಚೆಂಬು ಇಟ್ಟಿದ್ದರು, ಹಾಕುವವರು ಹಾಕಬಹುದು. ಕುರ್ಚಿ ಹನ್ನೆರಡು, ಉಳಿದವರಿಗೆ ಚಾಪೆ. ಒಟ್ಟು ಮೂವತ್ತೈದು ಜನ ಇದ್ದೆವು ಎಂದು ಚಹಾದ ಲೋಟ ತೊಳೆದವರು ಲೆಕ್ಕ ಕೊಟ್ಟಿದ್ದಾರೆ.

ಆಲ್ಟೊ ಸ್ಯಾಕ್ಸೊಫೋನ್, ಕೀಬೋರ್ಡ್, ಆಳೆತ್ತರದ ಡಬಲ್ ಬಾಸ್, ಅಂಗೈಯಿಂದ ಬಾರಿಸುವ ಎತ್ತರದ ಡೋಲು ಕೊಂಗಾ ಮೂರು. ಐದನೆಯವರು ಒಂದು ಮರದ ಪೆಟ್ಟಿಗೆಯ ಮೇಲೆ ಕುಳಿತು ಅದನ್ನೇ ಬಾರಿಸುತ್ತಿದ್ದರು. ಅದರ ಹೆಸರು ಕಹೋನ್. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಪೆಟ್ಟಿಗೆ ಎಂದೇ ಅರ್ಥ, ಪೆರು ದೇಶದಲ್ಲಿ ಹುಟ್ಟಿದ ವಾದ್ಯ. ಡ್ರಮ್ ಸೆಟ್ಟನ್ನು ವ್ಯಾನಿನಿಂದ ಇಳಿಸಲೇ ಇಲ್ಲ, ಚಾವಡಿಗೆ ಅದು ಜಾಸ್ತಿಯಾಗುತ್ತದೆ ಎಂದರು. ಒಳ್ಳೆಯ ಬುದ್ಧಿ.

ನನಗೆ ಸಿಕ್ಕಿದ ಜಾಗ ಬಾಸಿನ ಪಕ್ಕ, ಕೈ ಚಾಚಿದರೆ ತಂತಿ ಮುಟ್ಟುವಷ್ಟು ಹತ್ತಿರ. ವಾದ್ಯದ ಕೆಳಗಿನ ಮೊನೆ ಕೆಂಪು ಗಾರೆಯ ನೆಲದ ಮೇಲೆ ಜಾರದಿರಲಿ ಎಂದು ಮನೆಯವರು ಅಡಕೆಯ ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದರು. ಆ ಹುಡುಗನ ಬಲಗೈಯ ಎರಡು ಬೆರಳಿಗೆ ಬಿಳಿ ಪಟ್ಟಿ ಸುತ್ತಿತ್ತು. ತಂತಿ ಎಳೆದು ಬಿಡುವ ಮುನ್ನ ಅವನು ಉಸಿರು ಹಿಡಿಯುವುದು ಕೇಳಿಸುತ್ತಿತ್ತು. ಸ್ವರ ಮೊದಲು ಬಂದದ್ದು ಕಿವಿಗಲ್ಲ, ಚಾಪೆಯ ಮೂಲಕ ಕಾಲಿಗೆ.

ನನ್ನ ತೊಂದರೆ ಶುರುವಾದದ್ದು ಅಲ್ಲಿಯೇ. ಮೂವತ್ತು ವರ್ಷ ತಾಳಮದ್ದಳೆ ಕೇಳಿದವನು ನಾನು; ಎಲ್ಲಿ ಕುಳಿತರೂ ತೊಡೆಯ ಮೇಲೆ ಕೈ ತಾಳ ಹಾಕುತ್ತದೆ. ನಿನ್ನೆ ನನ್ನ ಪೆಟ್ಟು ಬೀಳುವಾಗ ಬಾಸ್ ಸುಮ್ಮನಿರುತ್ತದೆ. ಅವನ ಪೆಟ್ಟು ಬೀಳುವಾಗ ನನ್ನ ಕೈ ಗಾಳಿಯಲ್ಲಿರುತ್ತದೆ. ಸಮ, ಅಂದರೆ ತಾಳದ ಸುತ್ತು ಶುರುವಾಗುವ ಮೊದಲ ಪೆಟ್ಟು, ಎನ್ನುವುದು ಒಂದಿದೆಯೋ ಇಲ್ಲವೋ? ಮೊದಲ ಅರ್ಧ ಗಂಟೆ, ಮೆಟ್ಟಿಲು ಇದೆ ಎಂದುಕೊಂಡು ಕತ್ತಲೆಯಲ್ಲಿ ಕಾಲಿಟ್ಟವನ ಪಾಡಾಯಿತು.

ಆಮೇಲೆ, ಸುಮಾರು ಏಳೂಮುಕ್ಕಾಲಕ್ಕೆ, ಕರೆಂಟು ಹೋಯಿತು. ಆಟಿ ತಿಂಗಳ ಮಳೆ, ಹೋಗದಿದ್ದರೆ ಆಶ್ಚರ್ಯ. ಕೀಬೋರ್ಡ್ ನಡು ವಾಕ್ಯದಲ್ಲಿ ಸತ್ತುಹೋಯಿತು. ಉಳಿದ ನಾಲ್ವರು ನಿಲ್ಲಿಸಲಿಲ್ಲ. ಮನೆಯಾಕೆ ಲಾಟೀನು ತಂದರು. ಕೀಬೋರ್ಡಿನವಳು ಎದ್ದು, ಕಿಟಕಿಯ ದಂಡೆಯ ಮೇಲಿದ್ದ ಎರಡು ಕೋಲಾಟದ ಕೋಲು ತೆಗೆದುಕೊಂಡಳು. ತಂಡದವರು ತಮ್ಮ ಮರದ ಕಡ್ಡಿಗಳನ್ನು ಗೋವಾದಲ್ಲಿ ಮರೆತು ಬಂದಿದ್ದರಿಂದ ಮನೆಯ ಚಿಕ್ಕ ಹುಡುಗಿ ಸಂಜೆಯೇ ತನ್ನ ಶಾಲೆಯ ಕೋಲುಗಳನ್ನು ಕೊಟ್ಟು, ಗೆಜ್ಜೆಯನ್ನೂ ಬಿಚ್ಚಿಟ್ಟಿದ್ದಳು. ಅಲ್ಲಿಯವರೆಗೆ ಅವಕ್ಕೆ ಕೆಲಸ ಬಿದ್ದಿರಲಿಲ್ಲ. ಒಂದು ಕೋಲನ್ನು ಬಟ್ಟಲಿನಂತೆ ಬಗ್ಗಿಸಿದ ಎಡಗೈಯ ಮೇಲೆ ಸಡಿಲವಾಗಿ ಮಲಗಿಸಿ, ಇನ್ನೊಂದರಿಂದ ಬಡಿದಳು. ಐದೇ ಪೆಟ್ಟು. ಮತ್ತೆ ಅದೇ ಐದು. ಮತ್ತೆ ಅದೇ.

ಆಗ ಇಡೀ ಸಂಗೀತ ನನಗೆ ಒಮ್ಮೆಲೇ ನೇರವಾಯಿತು. ಯಾಕೆ ಎಂದು ಹೇಳಲು ಬರುವುದಿಲ್ಲ. ಬಲ್ಲವರು ಹೇಳಿ.

---

ಮೃದಂಗದ ಬಲಗೈ (ಕುಂಬಳೆ) | ಭಾನುವಾರ, ಬೆಳಿಗ್ಗೆ 9.15

ಅಣ್ಣ, ನಾನೂ ಅಲ್ಲಿದ್ದೆ, ಕಂಬದ ಹಿಂದೆ. ನಿಮ್ಮ ತೊಡೆಯ ತಾಳ ನನಗೆ ಕಾಣುತ್ತಿತ್ತು, ಪಾಪ ಎನ್ನಿಸಿತು.

ಆ ಐದು ಪೆಟ್ಟಿನ ಹೆಸರು ಕ್ಲಾವೆ. ಕ್ಯೂಬಾದ ಸಂಗೀತಕ್ಕೆ ಅದೇ ಬೆನ್ನೆಲುಬು, ಬಡಿಯುವ ಕಡ್ಡಿಗಳಿಗೂ ಅದೇ ಹೆಸರು. ನಮ್ಮ ಸೊಲ್ಲಿನಲ್ಲಿ, ಅಂದರೆ ಮೃದಂಗದ ಬಾಯಿಪಾಠದಲ್ಲಿ, ಹೇಳಿದರೆ ಎರಡು ನಿಮಿಷದ ಪಾಠ: ತಕಿಟ, ತಕಿಟ, ತಕಧಿಮಿ, ತಕ, ತಕಧಿಮಿ. ಪ್ರತಿ ಸೊಲ್ಲಿನ ಮೊದಲ ಅಕ್ಷರಕ್ಕೆ ಮಾತ್ರ ಕೋಲು ತಾಗಬೇಕು. 3, 3, 4, 2, 4. ಕೂಡಿಸಿದರೆ 16. ಆದಿತಾಳದ ಎಂಟು ಎಣಿಕೆಯಲ್ಲಿ ಎಣಿಕೆಗೆ ಎರಡು ಮಾತ್ರೆಯಂತೆ ಹಿಡಿದರೆ ಸರಿಯಾಗಿ ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು. ಇದಕ್ಕೆ ಸೋನ್ ಕ್ಲಾವೆ ಎನ್ನುತ್ತಾರೆ. ಮೂರನೆಯ ಪೆಟ್ಟನ್ನು ಒಂದೇ ಒಂದು ಮಾತ್ರೆ ತಡ ಮಾಡಿದರೆ, ಅಂದರೆ 3, 4, 3, 2, 4 ಮಾಡಿದರೆ, ರುಂಬಾ ಕ್ಲಾವೆ. ಒಂದು ಮಾತ್ರೆಯ ವ್ಯತ್ಯಾಸ, ಆದರೆ ನಡಿಗೆಯೇ ಬೇರೆ. ನಿನ್ನೆ ಕೊನೆಯಿಂದ ಎರಡನೆಯದು ರುಂಬಾ ಕ್ಲಾವೆಯಲ್ಲಿತ್ತು. ನಾನು ಅದನ್ನು ಹಿಡಿಯಲು ಒದ್ದಾಡಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಈಗ ನಿಮ್ಮ ಬಾಸ್. ಎಂಟು ಮಾತ್ರೆ ತೆಗೆದುಕೊಳ್ಳಿ: ತಕಿಟ, ತಕಿಟ, ತಕ. ಮೊದಲನೆಯ ‘ತ’ವನ್ನು ನುಂಗಿಬಿಡಿ. ಉಳಿದ ಎರಡು ಸೊಲ್ಲಿನ ಮೊದಲ ‘ತ’ಕ್ಕೆ ತಂತಿ ಎಳೆಯಿರಿ. ಅಷ್ಟೇ, ನಿಮ್ಮ ಪಕ್ಕದ ಹುಡುಗ ಬಹುಪಾಲು ಮಾಡಿದ್ದು ಅದನ್ನೇ. ಅದರ ಹೆಸರು ತುಂಬಾವೊ. (ನಮ್ಮ ‘ತುಂಬಾ’ಕ್ಕೂ ಅದಕ್ಕೂ ಸಂಬಂಧವಿಲ್ಲ, ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ.) ಎರಡನೆಯ ಪೆಟ್ಟಿನ ನಾದ ಹರಿದು ಮುಂದಿನ ಸಮದ ಮೇಲೆ ಚಾಚಿಕೊಂಡಿರುತ್ತದೆ. ಅಷ್ಟೇ ಅಲ್ಲ, ಆ ಸ್ವರ ಸೇರುವುದೂ ಮುಂದಿನ ಆವರ್ತದ ಸ್ವರಗುಚ್ಛಕ್ಕೆ. ಅತಿಥಿ ಹೇಳಿದ ಹೊತ್ತಿಗೆ ಮೊದಲೇ ಬಂದು ಜಗಲಿಯಲ್ಲಿ ಕುಳಿತ ಹಾಗೆ. ನೀವು ಗಡಿಯಾರ ನೋಡಿಕೊಂಡು ಬಾಗಿಲು ತೆಗೆದಿರಿ, ಹೊರಗೆ ಯಾರೂ ಕಾಣಲಿಲ್ಲ; ಅವರು ಆಗಲೇ ಒಳಗಿದ್ದರು. ತಾಳಕ್ಕೆ ಮೊದಲೇ ಹಾಡು ಎತ್ತಿಕೊಳ್ಳುವುದಕ್ಕೆ ನಾವು ಅತೀತ ಎನ್ನುತ್ತೇವಲ್ಲ, ಅದರ ದೂರದ ನೆಂಟ ಎಂದುಕೊಳ್ಳಿ.

---

ನೀರ್ಚಾಲಿನ ಕೇಳುಗ | ಭಾನುವಾರ, ಬೆಳಿಗ್ಗೆ 9.50

ದೋಸೆಯ ತಟ್ಟೆಯ ಮೇಲೆ ಚಮಚದಿಂದ ಮಾಡಿ ನೋಡಿದೆ. ಮೊದಲನೆಯ ‘ತ’ ನುಂಗುವುದು ಹೇಳುವಷ್ಟು ಸುಲಭವಲ್ಲ. ನುಂಗಿದರೂ ತಲೆ ಆ ಜಾಗದಲ್ಲಿ ತಾನೇ ಬಾಗುತ್ತದೆ. ಮನೆಯವಳು ಚಮಚ ಕಿತ್ತುಕೊಂಡಳು.

---

ಮೈಕಾಸುರ (ಬದಿಯಡ್ಕ) | ಭಾನುವಾರ, ಬೆಳಿಗ್ಗೆ 11.05

ಮೈಕ್ ಸೆಟ್ ಬಾಡಿಗೆಗೆ ಕೊಟ್ಟು ಹೊಟ್ಟೆ ಹೊರೆಯುವವನು ನಾನು. ಆದ್ದರಿಂದ ಈ ಮಾತು ನನ್ನ ಅನ್ನಕ್ಕೇ ಕಲ್ಲು: ನಿನ್ನೆ ಅಲ್ಲಿ ಮೈಕ್ ಬೇಕಾಗಿರಲಿಲ್ಲ. ನನ್ನನ್ನು ಕರೆದದ್ದು ಬಾಸಿಗೊಂದು ಚಿಕ್ಕ ಆಂಪ್ಲಿಫೈಯರ್ ಮತ್ತು ಕೀಬೋರ್ಡಿಗೊಂದು ಸ್ಪೀಕರ್ ತರಲು. ಡಬಲ್ ಬಾಸಿನ ದಪ್ಪ ತಂತಿಯ ಸ್ವರ ಸೆಕೆಂಡಿಗೆ ಸುಮಾರು 41 ಕಂಪನ. ಅಷ್ಟು ತಗ್ಗಿನ ನಾದ ಹತ್ತಿರ ಕುಳಿತವರ ಕಾಲಿಗೆ ತಿಳಿಯುತ್ತದೆ, ಹಿಂದಿನ ಸಾಲಿನ ಕಿವಿ ತಲುಪುವ ಹೊತ್ತಿಗೆ ಕೊಂಗಾ ಅದನ್ನು ತಿಂದು ಹಾಕಿರುತ್ತದೆ.

ಹಾಗಿದ್ದರೆ ಕರೆಂಟು ಹೋದ ಮೇಲೆ ಹೇಗೆ ಕೇಳಿಸಿತು? ನಾನು ಗಮನಿಸಿದ್ದನ್ನು ಹೇಳುತ್ತೇನೆ. ಕೊಂಗಾದವರು ಅಂಗೈ ಎತ್ತುವ ಎತ್ತರವನ್ನು ಅರ್ಧಕ್ಕೆ ಇಳಿಸಿದರು. ಎಡಗೈಯ ಬುಡ, ಬೆರಳ ತುದಿ, ಬುಡ, ತುದಿ, ಹೀಗೆ ತೊಟ್ಟಿಲು ತೂಗಿದಂತೆ ಮಾಡುತ್ತಾರಲ್ಲ, ಅದು ಮಾತ್ರ ಉಳಿಯಿತು. ಸ್ಯಾಕ್ಸೊಫೋನಿನವರು ಎದ್ದು, ಅಡಕೆ ಮೂಟೆ ಪೇರಿಸಿಟ್ಟ ಮೂಲೆಯ ಕಡೆಗೆ ತಿರುಗಿ ನಿಂತು ಊದಿದರು, ಗೋಣಿ ಆ ಹರಿತವನ್ನೆಲ್ಲ ಹೀರಿಕೊಂಡಿತು. ಹಿಂದಿನ ಸಾಲಿನವರು ಯಾರೂ ಹೇಳದೆಯೇ ಚಾಪೆಯನ್ನು ಮುಂದಕ್ಕೆ ಎಳೆದುಕೊಂಡರು. ಇಷ್ಟೂ ಆದದ್ದು ಒಂದು ನಿಮಿಷದೊಳಗೆ, ಹಾಡು ನಿಲ್ಲದೆ. ಈ ಸಮತೋಲನ ಮಾಡಲು ನಾನು ಎಂಟು ಗುಂಡಿ ತಿರುಗಿಸಬೇಕು, ಆದರೂ ಭಾಗವತರು ಸರಿಯಾಗಲಿಲ್ಲ ಎನ್ನುತ್ತಾರೆ.

ಇನ್ನೊಂದು. ಮಾಡು ಹೆಂಚಿನದು, ಒಳಗೆ ಮರದ ಅಟ್ಟ. ಅಂತಹ ಚಾವಡಿಯಲ್ಲಿ ಪ್ರತಿಧ್ವನಿ ಇರುವುದಿಲ್ಲ. ತಾರಸಿ ಹಾಕಿದ ಹೊಸ ಹಾಲ್ ಆಗಿದ್ದರೆ ಕೊಂಗಾದ ಒಂದೊಂದು ಪೆಟ್ಟೂ ನಾಲ್ಕು ಗೋಡೆ ಸುತ್ತಿ ಬರುತ್ತಿತ್ತು, ತಲೆನೋವು ಖಂಡಿತ.

---

ತೋಟದಾಚೆ | ಭಾನುವಾರ, ಮಧ್ಯಾಹ್ನ 12.30

ನಮ್ಮ ಮನೆ ಅವರ ತೋಟದ ಆಚೆ ಬದಿ. ಆಹ್ವಾನ ಇತ್ತು, ಸೊಸೆಗೆ ಜ್ವರ, ಬರಲಾಗಲಿಲ್ಲ. ಜಗಲಿಯಲ್ಲಿ ಕುಳಿತು ಕೇಳಿದೆ. ಮೈಕಾಸುರರು ಹೇಳಿದ್ದು ನಿಜ, ಬಾಸ್ ಎನ್ನುವುದು ಇತ್ತೆಂದೇ ಈಗ ಗೊತ್ತಾಯಿತು. ನನಗೆ ಕೇಳಿಸಿದ್ದು ಸ್ಯಾಕ್ಸೊಫೋನ್, ಮಳೆ, ಆಮೇಲೆ ಕತ್ತಲೆಯಾದ ನಂತರ ಟಕ್ ಟಕ್ ಎನ್ನುವ ಆ ಕೋಲು.

ನಮ್ಮ ಮಾವನವರಿಗೆ ಎಂಬತ್ತನಾಲ್ಕು. ಸ್ಯಾಕ್ಸೊಫೋನ್ ಕೇಳಿದ ಕೂಡಲೇ ‘ಕದ್ರಿಯವರ ಕ್ಯಾಸೆಟ್ ಯಾರು ಹಾಕಿದ್ದು?’ ಎಂದರು. ಸ್ವಲ್ಪ ಹೊತ್ತು ಕೇಳಿ, ‘ಅಲ್ಲ, ಇವರು ಸ್ವರವನ್ನು ಜಾರಿಸುವುದಿಲ್ಲ, ಮುರಿಯುತ್ತಾರೆ’ ಎಂದರು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲಾಗದು.

---

ಡೊಂಬಿವಲಿಯ ಭಾವ (ಮೂಲ ಉಪ್ಪಳ) | ಭಾನುವಾರ, ಮಧ್ಯಾಹ್ನ 2.10

ಮಾವನವರ ಕಿವಿಗೆ ನಮಸ್ಕಾರ. ಕದ್ರಿ ಗೋಪಾಲನಾಥರು ಸಜಿಪಮೂಡದವರು, ನಮ್ಮ ಕಾಸರಗೋಡಿನ ಗಡಿ ದಾಟಿ ಸ್ವಲ್ಪ ಆಚೆ. 1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅವರು ನುಡಿಸಿದ್ದನ್ನು ಕೇಳಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ತಮ್ಮೊಂದಿಗೆ ನುಡಿಸಲು ಕರೆದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರಾಮ್ಸ್‌ನಲ್ಲೂ ನುಡಿಸಿದರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಟಿ. ಎ. ಎಸ್. ಮಣಿ ಮತ್ತು ಆರ್. ಎ. ರಮಾಮಣಿ ಅವರು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ ಧ್ವನಿಮುದ್ರಿಕೆ 1983ರದ್ದು. ಜಾಝಿಗೂ ನಮ್ಮ ಕಡೆಯವರಿಗೂ ಮುಖ ಪರಿಚಯ ಹೊಸದಲ್ಲ.

ಆದರೆ ನಿನ್ನೆ ನೀವು ಕೇಳಿದ ಕ್ಯೂಬಾ ಬಗೆಯ ಜಾಝಿನ ಕಥೆ ಬೇರೆ. ಅಮೆರಿಕದ ತೋಟಗಳಲ್ಲಿ ಗುಲಾಮರ ಕೈಯಿಂದ ಡೋಲು ಕಿತ್ತುಕೊಂಡಿದ್ದರು; ದಕ್ಷಿಣ ಕ್ಯಾರೊಲಿನಾದಲ್ಲಿ 1739ರ ದಂಗೆಯ ನಂತರ 1740ರಲ್ಲಿ ಕಾನೂನನ್ನೇ ತಂದರು. ಡೋಲಿನ ಸದ್ದಿನಲ್ಲಿ ಸಂದೇಶ ಹೋಗುತ್ತದೆ ಎಂಬ ಹೆದರಿಕೆ. ಕ್ಯೂಬಾದಲ್ಲಿಯೂ ಗುಲಾಮಗಿರಿ ಇತ್ತು, ಅದು ಕೊನೆಗೊಂಡದ್ದು 1886ರಲ್ಲಿ. ಆದರೆ ಅಲ್ಲಿ ಆಫ್ರಿಕಾದವರ ಸಂಘಗಳಲ್ಲಿ ಡೋಲು ಉಳಿದುಕೊಂಡಿತು. ಅದೇ ಡೋಲು ಹಡಗು ಹತ್ತಿ ನ್ಯೂಯಾರ್ಕಿಗೆ ಬಂದಾಗ ಜಾಝ್ ಅದನ್ನು ಮತ್ತೆ ಕಂಡಿತು. ಕ್ಯೂಬಾದ ಮಾಚಿತೊ ಅಲ್ಲಿ 1940ರಲ್ಲಿ ತಂಡ ಕಟ್ಟಿದರು, ಸಂಗೀತದ ಹೊಣೆ ಮಾರಿಯೊ ಬೌಸಾ ಅವರದು. 1947ರ ಸೆಪ್ಟೆಂಬರ್ 29ರಂದು ಅಲ್ಲಿಯ ಕಾರ್ನೆಗಿ ಹಾಲ್‌ನಲ್ಲಿ ಜಾಝ್ ಟ್ರಂಪೆಟ್ ವಾದಕ ಡಿಝ್ಝಿ ಗಿಲೆಸ್ಪಿಯ ದೊಡ್ಡ ತಂಡದ ನಡುವೆ ಹವಾನಾದ ಚಾನೊ ಪೊಝೊ ಕೊಂಗಾ ಹಿಡಿದು ಕುಳಿತರು. ಮರುವರ್ಷ ಡಿಸೆಂಬರಿನಲ್ಲಿ ಪೊಝೊ ಅದೇ ನಗರದ ಹಾರ್ಲೆಮ್‌ನಲ್ಲಿ ಗುಂಡೇಟಿಗೆ ಸತ್ತರು, ವಯಸ್ಸು ಮೂವತ್ತಮೂರು. ಅವರಿಬ್ಬರು ಒಟ್ಟಿಗೆ ಇದ್ದದ್ದು ಹದಿನೈದು ತಿಂಗಳೂ ಅಲ್ಲ. ಆದರೂ ಆ ಮೇಲಿನ ಜಾಝಿನಲ್ಲಿ ಕೊಂಗಾ ಹೊರಗಿನವನಾಗಿ ಉಳಿಯಲಿಲ್ಲ.

ಮನೆಯೊಳಗಿನ ಕಚೇರಿಯೂ ಹೊಸದೇನಲ್ಲ. 1920ರ ದಶಕದ ಹಾರ್ಲೆಮ್‌ನಲ್ಲಿ ಬಾಡಿಗೆ ಕಟ್ಟಲು ದುಡ್ಡಿಲ್ಲದವರು ಮನೆಗೊಬ್ಬ ಪಿಯಾನೊದವನನ್ನು ಕರೆಸಿ, ಬಾಗಿಲಲ್ಲಿ ಚಿಲ್ಲರೆ ವಸೂಲು ಮಾಡುತ್ತಿದ್ದರು. ನಿಮ್ಮ ತಾಮ್ರದ ಚೆಂಬಿನ ಅಜ್ಜ. ಬ್ರೆಜಿಲಿನ ಬೊಸ್ಸಾ ನೋವಾ ಎಂಬ ಸಂಗೀತ 1950ರ ದಶಕದ ಕೊನೆಯಲ್ಲಿ ರೂಪ ಪಡೆದದ್ದು ರಿಯೊದ ಕೋಪಕಬಾನಾದ ವಸತಿ ಕಟ್ಟಡಗಳ ಕೋಣೆಗಳಲ್ಲಿ, ಮೆಲುದನಿಯ ಗಿಟಾರಿನೊಂದಿಗೆ.

---

ಪೆರ್ಲದ ಮಾಸ್ತರ | ಭಾನುವಾರ, ಮಧ್ಯಾಹ್ನ 3.00

ಮೃದಂಗದ ತಂಗಿ ಬಿಡಿಸಿ ಹೇಳಿದ್ದು ಓದಿ ಸಂತೋಷವಾಯಿತು. ಒಟ್ಟಿನಲ್ಲಿ ಅದು ನಮ್ಮ ಆದಿತಾಳವೇ ಎಂದಾಯಿತು. ಎಲ್ಲಿ ಹೋದರೂ ಕೊನೆಗೆ ನಮ್ಮಲ್ಲಿಗೇ ಬರಬೇಕು.

---

ಮೃದಂಗದ ಬಲಗೈ | ಭಾನುವಾರ, ಮಧ್ಯಾಹ್ನ 3.20

ಇಲ್ಲ ಮಾಸ್ಟ್ರೇ, ತಪ್ಪು ನನ್ನದು, ಅಳತೆ ಹೇಳಿ ಅರ್ಧಕ್ಕೆ ನಿಲ್ಲಿಸಿದೆ. ಅಳತೆ ಒಂದೇ ಆದ ಮಾತ್ರಕ್ಕೆ ತಾಳ ಒಂದೇ ಆಗುವುದಿಲ್ಲ. ಸೇರಿನಲ್ಲಿ ಅಕ್ಕಿಯನ್ನೂ ಅಳೆಯಬಹುದು, ಹುರುಳಿಯನ್ನೂ ಅಳೆಯಬಹುದು.

ನಮ್ಮ ತಾಳವನ್ನು ಕೈ ತೋರಿಸುತ್ತದೆ. ಲಘು, ದ್ರುತ, ಹುಸಿ, ಎಲ್ಲವೂ ಕಣ್ಣಿಗೆ ಕಾಣುತ್ತದೆ. ಮುಕ್ತಾಯ ಎಷ್ಟೇ ಸುತ್ತಿದರೂ ಸಮಕ್ಕೋ, ಹಾಡು ಎತ್ತಿಕೊಳ್ಳುವ ಜಾಗವಾದ ಎಡುಪಿಗೋ ಬಂದು ಬೀಳಲೇಬೇಕು, ಬಿದ್ದಾಗ ಸಭೆ ತಲೆದೂಗುತ್ತದೆ. ಕ್ಲಾವೆಯಲ್ಲಿ ಹಾಗೆ ಬೀಳುವ ಜಾಗವಿಲ್ಲ. ಅದಕ್ಕೆ ಇರುವುದು ಎರಡು ಮಗ್ಗುಲು: ಮೂರು ಪೆಟ್ಟಿನದು ಒಂದು, ಎರಡು ಪೆಟ್ಟಿನದು ಒಂದು. ಮೂರರ ಮಗ್ಗುಲು ಎಳೆಯುತ್ತದೆ, ಎರಡರ ಮಗ್ಗುಲು ಬಿಡುತ್ತದೆ. ಹಾಡು ಯಾವ ಮಗ್ಗುಲಿನಿಂದ ಬೇಕಾದರೂ ಎದ್ದೇಳಬಹುದು, ಆದರೆ ಒಮ್ಮೆ ಎದ್ದ ಮೇಲೆ ಪಿಯಾನೊ, ಕೊಂಗಾ, ಊದುವವರ ವಾಕ್ಯ ಎಲ್ಲವೂ ಅದೇ ಮಗ್ಗುಲಿಗೆ ಒಪ್ಪಬೇಕು. ತಪ್ಪಿದರೆ ಅಡ್ಡವಾಯಿತು ಎನ್ನುತ್ತಾರೆ. ಮತ್ತೆ, ಕ್ಲಾವೆಯನ್ನು ಯಾರೂ ಬಡಿಯಲೇಬೇಕು ಎಂದಿಲ್ಲ. ಎಲ್ಲರ ಒಳಗೂ ಅದು ಓಡುತ್ತಿರುತ್ತದೆ. ಕರೆಂಟು ಹೋಗುವವರೆಗೆ ನಿನ್ನೆ ಆದದ್ದು ಅದೇ. ಕೀಬೋರ್ಡಿನ ಅಕ್ಕ ಕೋಲು ಬಡಿದಾಗ ಹೊಸದೇನೂ ಸೇರಲಿಲ್ಲ, ಅಲ್ಲಿಯವರೆಗೂ ಇದ್ದದ್ದು ಹೊರಗೆ ಕೇಳಿಸಿತು. ಕೇಳುಗ ಅಣ್ಣನಿಗೆ ನೇರವಾದದ್ದು ಆ ಕಾರಣಕ್ಕೆ.

ಡೋಲಿನ ಮೈಯೂ ಬೇರೆ. ನನ್ನ ಮೃದಂಗ ಒಂದೇ ಹಲಸಿನ ಕೊರಡನ್ನು ಕೊರೆದದ್ದು. ಅವರ ಕೊಂಗಾ ಪೀಪಾಯಿಯಂತೆ ಪಟ್ಟಿ ಪಟ್ಟಿ ಮರ ಜೋಡಿಸಿದ್ದು. ಈಗ ಸುತ್ತ ತಿರುಪು ಇದೆ. ಹಿಂದೆ ಚರ್ಮವನ್ನು ಮೊಳೆ ಹೊಡೆದು ಬಿಗಿದು, ನಾವು ತಮಟೆಯನ್ನು ಹಿಡಿಯುವಂತೆ ಬೆಂಕಿಗೆ ಹಿಡಿದು ಶ್ರುತಿ ಏರಿಸುತ್ತಿದ್ದರು. ವಿರಾಮದಲ್ಲಿ ನನಗೆ ಒಮ್ಮೆ ಬಾರಿಸಲು ಕೊಟ್ಟರು. ನನ್ನ ಬೆರಳುಗಳು ಮೃದಂಗದ ನಡುವಿನ ಕಪ್ಪು ಲೇಪವಾದ ಕರಣೆಯನ್ನು ಹುಡುಕಿದವು, ನಡುವೆ ಬರೀ ಬೋಳು ಚರ್ಮ. ಬೆರಳಿಗೆ ಅಷ್ಟು ನಾಚಿಕೆಯಾದದ್ದು ಅರಂಗೇಟ್ರದ ದಿನವೂ ಇಲ್ಲ.

---

ಸುಲಿಯದ ಅಡಕೆ (ಪೈವಳಿಕೆ) | ಭಾನುವಾರ, ಸಂಜೆ 6.45

ಎಲ್ಲರೂ ತಲೆದೂಗಿ ಆಯಿತಲ್ಲ, ಈಗ ನಾನು ಸ್ವಲ್ಪ ಹುಳಿ ಹಿಂಡುತ್ತೇನೆ.

ಮೂವತ್ತೈದು ಜನ, ಪರಿಚಯದವರೇ ಪರಿಚಯದವರನ್ನು ಕರೆದದ್ದು. ಇದನ್ನು ಸಂಗೀತ ಸಭೆ ಎನ್ನುವುದಾದರೆ ಮನೆ ಊಟವನ್ನು ಅನ್ನಸಂತರ್ಪಣೆ ಎನ್ನಬಹುದು. ಗಡಿನಾಡಿನಲ್ಲಿ ಕನ್ನಡ ಶಾಲೆಗೆ ಮಕ್ಕಳಿಲ್ಲ ಎಂದು ಇದೇ ವೇದಿಕೆಯಲ್ಲಿ ತಿಂಗಳಿಗೊಮ್ಮೆ ಅಳುತ್ತೇವೆ. ಅದನ್ನು ಬಿಡೋಣ, ನೇರ ವಿಷಯಕ್ಕೆ ಬರುತ್ತೇನೆ. ಇದೇ ಆಟಿಯಲ್ಲಿ ಯಕ್ಷಗಾನದ ಚಿಕ್ಕಮೇಳದವರು ಮನೆ ಮನೆಗೆ ಬರುತ್ತಾರೆ. ಇಬ್ಬರು ವೇಷದವರು, ಭಾಗವತರು, ಚೆಂಡೆ, ಮದ್ದಳೆ. ಚಾವಡಿಯಲ್ಲಿ ದೀಪ ಹಚ್ಚಿಟ್ಟರೆ ಕಾಲು ಗಂಟೆ ಕುಣಿದು, ಹರಸಿ ಹೋಗುತ್ತಾರೆ. ಮೈಕ್ ಇಲ್ಲ, ವೇದಿಕೆ ಇಲ್ಲ, ಕೈ ಚಾಚಿದರೆ ಗೆಜ್ಜೆ ಸಿಗುವಷ್ಟು ಹತ್ತಿರ. ಅವರು ಬರುವ ಮೊದಲೇ ಗೇಟಿಗೆ ಬೀಗ ಹಾಕಿ, ಲೈಟು ಆರಿಸಿ ಒಳಗೆ ಟಿವಿ ನೋಡುವ ಮನೆಗಳು ಎಷ್ಟಿವೆ ಎಂದು ನನಗೆ ಗೊತ್ತು, ಏಕೆಂದರೆ ಎರಡು ಮಳೆಗಾಲ ನಾನು ಅವರೊಟ್ಟಿಗೆ ಚಕ್ರತಾಳ ಹಿಡಿದು ತಿರುಗಿದ್ದೇನೆ. ಕ್ಯೂಬಾದ ಕೋಲಿಗೆ ಲಾಟೀನು, ನಮ್ಮ ಚೆಂಡೆಗೆ ಬೀಗ.

---

ಡೊಂಬಿವಲಿಯ ಭಾವ | ಭಾನುವಾರ, ರಾತ್ರಿ 8.00

ಬೀಗ ಹಾಕಿದವರೂ ಕೇಳಲು ಹೋದವರೂ ಒಬ್ಬರೇ ಎಂದು ಹೇಗೆ ಗೊತ್ತು?

---

ಸುಲಿಯದ ಅಡಕೆ | ಭಾನುವಾರ, ರಾತ್ರಿ 8.05

ಹೆಸರು ಹೇಳಲೇ?

---

ನೀರ್ಚಾಲಿನ ಕೇಳುಗ | ಭಾನುವಾರ, ರಾತ್ರಿ 8.40

ಬೇಡ, ನಾನೇ ಹೇಳುತ್ತೇನೆ. ಕಳೆದ ವರ್ಷ ನಮ್ಮ ಮನೆಯಲ್ಲಿ ಲೈಟು ಆರಿಸಿದ್ದೆ. ಮಗಳ ಪರೀಕ್ಷೆ ಎಂದು ಒಂದು ನೆಪ ಇತ್ತು, ಮಗಳು ಆಗ ಅಜ್ಜಿಯ ಮನೆಯಲ್ಲಿದ್ದಳು. ಕಿಟಕಿಯ ಸಂದಿಯಿಂದ ನೋಡಿದೆ: ಸ್ತ್ರೀವೇಷದ ಹುಡುಗ ಸೀರೆಯ ನೆರಿಗೆ ಎತ್ತಿಕೊಂಡು, ಮಳೆಯಲ್ಲಿ ನಮ್ಮ ಗೇಟಿನ ಮುಂದೆ ಒಂದು ಕ್ಷಣ ನಿಂತು ಮುಂದೆ ಹೋದ. ಅಷ್ಟು ಕಂಡ ಮೇಲೂ ನಾನು ಬಾಗಿಲು ತೆರೆಯಲಿಲ್ಲ.

ಶನಿವಾರದ ಕಚೇರಿಯಲ್ಲಿ ಇದು ನೆನಪಾಗಲಿಲ್ಲ, ನೀವು ಬರೆದ ಮೇಲೆ ಆಯಿತು. ಇದಕ್ಕಿಂತ ಹೆಚ್ಚು ಹೇಳಿದರೆ ನಾಟಕವಾಗುತ್ತದೆ.

ಆದರೆ ಒಂದು ಪ್ರಶ್ನೆ, ಜಗಳಕ್ಕಲ್ಲ. ಚಿಕ್ಕಮೇಳದಲ್ಲಿ ನಾನು ಸುಮ್ಮನೆ ಕುಳಿತರೂ ಆಟ ನಡೆಯುತ್ತದೆ. ಶನಿವಾರ ಹಾಗಾಗಲಿಲ್ಲ. ಖಾಲಿ ಬಿಟ್ಟ ಸಮವನ್ನು ಯಾರಾದರೂ ತುಂಬಬೇಕಿತ್ತು. ಕತ್ತಲೆಯಲ್ಲಿ ನೋಡಿದರೆ ಮೂವತ್ತೈದು ತಲೆಗಳೂ ಒಂದೇ ಜಾಗದಲ್ಲಿ ಬಾಗುತ್ತಿದ್ದವು, ಬಾಸ್ ಇಲ್ಲದ ಜಾಗದಲ್ಲಿ. ದೊಡ್ಡ ಸಭಾಂಗಣದಲ್ಲಿ ಕುಳಿತಿದ್ದರೆ ಮುಂದಿನ ಸಾಲಿನ ಎರಡು ತಲೆ ಕಾಣುತ್ತಿತ್ತು, ಅಷ್ಟೇ. ತಂಡದಲ್ಲಿ ಐವರಲ್ಲ, ನಲವತ್ತು ಜನ ಎಂದು ಆಗ ಅನ್ನಿಸಿತು. ತಾಳಮದ್ದಳೆಯಲ್ಲಿ ಎದುರು ಅರ್ಥಧಾರಿ ಬೇಕೆಂದೇ ಒಂದು ಮಾತು ನುಂಗಿದಾಗ ಸಭೆ ಅದನ್ನು ಮನಸ್ಸಿನಲ್ಲೇ ಹೇಳಿಕೊಂಡು ನಗುತ್ತದಲ್ಲ, ಅಂಥದ್ದು.

---

ಸುಲಿಯದ ಅಡಕೆ | ಭಾನುವಾರ, ರಾತ್ರಿ 9.10

ಚಿಕ್ಕಮೇಳದಲ್ಲಿಯೂ ಹಾಗೆ ಆಗುತ್ತದೆ ಸ್ವಾಮಿ. ನೀವು ಲೈಟು ಆರಿಸಿದ್ದರಿಂದ ಕಾಣಲಿಲ್ಲ. ಬಿಡಿ, ಒಪ್ಪಿಕೊಂಡವರ ಮೇಲೆ ಮತ್ತೆ ಕಲ್ಲು ಹಾಕುವುದಿಲ್ಲ.

---

ಮನೆಯಾಕೆ | ಸೋಮವಾರ, ಬೆಳಿಗ್ಗೆ 6.20

ಹಾಲು ಕರೆದು ಬಂದು ಓದಿದೆ. ನನ್ನ ಚಾವಡಿಯ ಮೇಲೆ ಇಷ್ಟು ಚರ್ಚೆ!

ಲೆಕ್ಕ ಮೊದಲು. ಚೆಂಬಿನಲ್ಲಿ ಒಟ್ಟು 7,260 ರೂಪಾಯಿ ಇತ್ತು, ಅಷ್ಟನ್ನೂ ತಂಡಕ್ಕೆ ಕೊಟ್ಟೆವು. ಒಂದು ಕುವೈತಿನ ನಾಣ್ಯವೂ ಇತ್ತು, ಹಾಕಿದವರು ಯಾರೆಂದು ಕೇಳುವುದಿಲ್ಲ, ಅದನ್ನೂ ಕೊಟ್ಟೆವು. ವ್ಯಾನಿನ ಡೀಸೆಲ್‌ಗೆ ಸಾಕಾಯಿತು ಎಂದರು, ಮುಖ ನೋಡಿದರೆ ಸಾಕಾದ ಹಾಗೆ ಕಾಣಲಿಲ್ಲ. ಮುಂದಿನ ಸಲ ತಲೆಗೆ ಇಷ್ಟು ಎಂದು ಮೊದಲೇ ಹೇಳುವುದು ಒಳ್ಳೆಯದು. ಹಾಕುವವರಿಗೂ ಮುಜುಗರವಿಲ್ಲ, ತೆಗೆದುಕೊಳ್ಳುವವರಿಗೂ ಇಲ್ಲ.

ಅಡಕೆಯ ಅಣ್ಣ, ನಮ್ಮಲ್ಲಿ ಚಿಕ್ಕಮೇಳಕ್ಕೆ ಬೀಗ ಹಾಕಿದ್ದಿಲ್ಲ. ನನ್ನ ಅತ್ತೆ ಇರುವವರೆಗೆ ಅಂತಹ ಮಾತಿಲ್ಲ. ಶನಿವಾರ ಅವರು ಒಳಗಿನ ಬಾಗಿಲ ಹೊಸ್ತಿಲಲ್ಲಿ ಕುಳಿತಿದ್ದರು, ಬೆನ್ನಿಗೊಂದು ದಿಂಬು. ಮೊದಲ ಅರ್ಧ ಗಂಟೆ, ‘ಇವರು ಶುರು ಮಾಡುವುದು ಯಾವಾಗ?’ ಎಂದು ಮೂರು ಸಲ ಕೇಳಿದರು. ಕತ್ತಲೆಯಾದ ಮೇಲೆ ಕೇಳಲಿಲ್ಲ. ಹೋಗುವಾಗ ಬಾಸಿನ ಹುಡುಗ ಕಾಲು ಮುಟ್ಟಿ ನಮಸ್ಕರಿಸಿದ. ಅವನ ಬೆರಳ ಪಟ್ಟಿ ನೋಡಿ ಅತ್ತೆ ಒಳಗಿನಿಂದ ಕೊಬ್ಬರಿ ಎಣ್ಣೆ ತರಿಸಿದರು, ‘ಇಷ್ಟು ನೋಯಿಸಿಕೊಂಡು ಯಾಕೆ ಮಗ, ಒಂದು ಸಲ ಬಿಟ್ಟು ಒಂದು ಸಲ ಹೊಡೆ’ ಎಂದರು. ಅವನು ಹೊಡೆಯುವುದೇ ಹಾಗೆ ಎಂದು ವಿವರಿಸಲು ನನಗೆ ಆಗಲಿಲ್ಲ.

ವಿರಾಮದ ಹಲಸಿನ ಹಪ್ಪಳ ಕಡಿಮೆ ಬಿತ್ತು. ಕ್ಷಮಿಸಿ, ಮಳೆಗಾಲದ ಕೊನೆಯ ಡಬ್ಬಿ ಅದು.

---

ಬೇಕಲದಿಂದ | ಸೋಮವಾರ, ಬೆಳಿಗ್ಗೆ 10.30

ಅಕ್ಕ, ಮುಂದಿನ ಸಲ ನಮಗೂ ತಿಳಿಸಿ. ಕೊನೆಯ ಬಸ್ಸಿನ ಸಮಯ ನೋಡಿ ಮುಗಿಸಿದರೆ ದೊಡ್ಡ ಉಪಕಾರ.

---

ಮೈಕಾಸುರ | ಸೋಮವಾರ, ಮಧ್ಯಾಹ್ನ 1.15

ಹಾಗೆಯೇ ಒಂದು ವಿನಂತಿ. ಚಾವಡಿಗೆ ತಾರಸಿ ಹಾಕಿಸುವ ಆಲೋಚನೆ ಇದ್ದರೆ ಮೊದಲು ನನ್ನನ್ನು ಕೇಳಿ.

---

ಮನೆಯಾಕೆ | ಬುಧವಾರ, ರಾತ್ರಿ 9.30

ನಿನ್ನೆ ಚಿಕ್ಕಮೇಳ ಬಂದಿತ್ತು. ಕೇಳುಗರೂ ಮನೆಯವಳೂ ಬಂದು ಕುಳಿತಿದ್ದರು, ಅಡಕೆಯ ಅಣ್ಣನ ಗಮನಕ್ಕೆ.

ನಾನು ಬರೆದದ್ದು ಬೇರೆ ಕಾರಣಕ್ಕೆ. ಕೀಬೋರ್ಡಿನ ಹುಡುಗಿ ಕೋಲಾಟದ ಕೋಲುಗಳನ್ನು ಮರೆಯದೆ ವಾಪಸು ಕೊಟ್ಟು ಹೋಗಿದ್ದಳು. ಇವತ್ತು ಮಗಳು ಗೆಜ್ಜೆ ಕಟ್ಟಲು ಕುಳಿತರೆ ಏಳೇ ಇವೆ, ಒಂದು ಕಾಣೆ. ಶುಕ್ರವಾರ ಶಾಲೆಯಲ್ಲಿ ಅಭ್ಯಾಸವಂತೆ, ಅತ್ತು ಮಲಗಿದ್ದಾಳೆ. ಶನಿವಾರ ಚಾಪೆ ತಂದವರು ಒಮ್ಮೆ ಕೊಡವಿ ನೋಡಿ.

---

ಮೃದಂಗದ ಬಲಗೈ | ಬುಧವಾರ, ರಾತ್ರಿ 10.05

ಅಕ್ಕ, ನನ್ನ ಕೊಡೆಯ ಮಡಿಕೆಯಲ್ಲಿತ್ತು. ಮೂರು ದಿನದಿಂದ ಬಸ್ಸಿನಲ್ಲಿ ಏನೋ ಸದ್ದು ಎಂದು ಹುಡುಕುತ್ತಿದ್ದೆ. ನಾಳೆ ತರಗತಿ ಮುಗಿಸಿ ಬರುವಾಗ ಕೊಟ್ಟು ಹೋಗುತ್ತೇನೆ.